ಮುಟ್ಟಿಸುವ ಮೊದಲು: ಕರಾವಳಿಯ ಶಾಲೆಗೆ ಹೊರದೇಶದ ಹಾವು, ಕಪ್ಪೆ, ಚೇಳು, ಜಿರಳೆ

ನನ್ನ ಮೇಜಿನ ಮೇಲಿರುವ ಈ ನಾಲ್ಕು ಪೆಟ್ಟಿಗೆಗಳು ಇವತ್ತು ಮಕ್ಕಳಿಗೆ ಜೀವಂತ ಪ್ರಾಣಿ ತೋರಿಸುವ ಕಾರ್ಯಕ್ರಮಕ್ಕೆಂದು ಮಂಗಳೂರಿನಿಂದ ಉಡುಪಿಯ ಒಂದು ಶಾಲೆಗೆ ಹೊರಟಿವೆ. ಒಂದರಲ್ಲಿ ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್. ಇನ್ನೊಂದರಲ್ಲಿ ಆಸ್ಟ್ರೇಲಿಯಾ ಮೂಲದ ವೈಟ್ಸ್ ಮರಗಪ್ಪೆ. ಮೂರನೆಯದರಲ್ಲಿ ಎಂಪರರ್ ಚೇಳು. ಕೊನೆಯದರಲ್ಲಿ ಮಡಗಾಸ್ಕರಿನ ಬುಸುಗುಡುವ ಜಿರಳೆಗಳು. ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಇಲ್ಲ, ಆಕ್ಸೊಲಾಟಲ್ ಎಂಬ ನೀರಲ್ಲೇ ಬದುಕುವ ಉಭಯವಾಸಿ ಇಲ್ಲ. ಮಕ್ಕಳಿಗೆ ಎರಡೂ ಬಹಳ ಇಷ್ಟ, ಎರಡಕ್ಕೂ ನಮ್ಮ ಊರಿನ ಹವೆ ಆಗುವುದಿಲ್ಲ.

ಚಳಿ ದೇಶದವರು ಬರೆದ ಸಾಕಣೆಯ ಪುಸ್ತಕ ತೆರೆದರೆ ಅರ್ಧ ಪಾಠ ಪೆಟ್ಟಿಗೆ ಬಿಸಿ ಮಾಡುವುದರ ಬಗ್ಗೆಯೇ. ಮಂಗಳೂರಿನ ಸೆಕೆಯಲ್ಲಿ ಆ ಪಾಠದ ಮುಕ್ಕಾಲು ಪಾಲು ಬೇಡ. ಇಲ್ಲಿ ಕಾಡುವುದು ತೇವ. ಮಳೆಗಾಲವಿಡೀ ಗಾಳಿಯ ತೇವಾಂಶ ಶೇ 85ರ ಆಸುಪಾಸಿನಲ್ಲೇ ನಿಂತಿರುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಒಣ ಒಳನಾಡಿನ ಪ್ರಾಣಿ, ಅದಕ್ಕೆ ಶೇ 30ರಿಂದ 40 ಸಾಕು. ತಿಂಗಳುಗಟ್ಟಲೆ ಒದ್ದೆ ಗಾಳಿಯಲ್ಲಿಟ್ಟರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಇಟ್ಟು ಸಾಕಬಹುದು, ಆದರೆ ಜುಲೈ ರಾತ್ರಿ ಕರೆಂಟ್ ಹೋದರೆ ಏನು ಮಾಡುತ್ತೀರಿ? ಆಕ್ಸೊಲಾಟಲ್‌ಗೆ 16ರಿಂದ 18 ಡಿಗ್ರಿಯ ನೀರು ಬೇಕು. ಏಪ್ರಿಲ್‌ನಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಹೊತ್ತುಕೊಂಡು ಶಾಲೆ ಶಾಲೆ ತಿರುಗುವುದು ಆಗುವ ಕೆಲಸವಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಬಿಡುವ ಹಾಗಂತೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪ್ರಾಣಿಗಳಿಗೆಂದೇ ನಾಲ್ಕನೇ ಅನುಸೂಚಿ ಇದೆ. ಬಾಲ್ ಪೈಥಾನ್, ಎಂಪರರ್ ಚೇಳು ಎರಡೂ ಅದರಲ್ಲಿ ಬರುತ್ತವೆ. 2024ರ ನಿಯಮಗಳ ಪ್ರಕಾರ ಇಂಥವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ ತಿಳಿಸಬೇಕು. ನಮ್ಮದೇ ಕೇರೆ, ನಾಗರಹಾವು, ನಕ್ಷತ್ರ ಆಮೆಗಳನ್ನು ಯಾರೋ ಹಿಡಿದು ತಂದು ಕೊಟ್ಟರೂ ಶಾಲೆಗೆ ಒಯ್ಯುವ ಹಾಗಿಲ್ಲ. ಕಾಳಿಂಗ ಸರ್ಪ ತೋರಿಸುವ ಆಸೆಯಿದ್ದರೆ ಮಕ್ಕಳನ್ನೇ ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಕರೆದುಕೊಂಡು ಹೋಗಿ.

ಈಗ ಹಾವಿಗೆ ಬರೋಣ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 26ರ ಹತ್ತಿರ, ತೇವಾಂಶ ಶೇ 55-65. ಮಳೆಗಾಲದಲ್ಲಿ ತೆಂಗಿನ ನಾರಿನ ಹುಡಿ ಹಾಸಿದರೆ ಅದು ತಾನಾಗಿಯೇ ನೀರು ಹೀರಿ ಒದ್ದೆಯಾಗುತ್ತದೆ. ಹಾವು ಅದರ ಮೇಲೇ ಮಲಗಿ ಹೊಟ್ಟೆಯ ಹುರುಪೆ ಕಂದುಗಟ್ಟಿ ಕೊಳೆಯಲು ಶುರುವಾಗುತ್ತದೆ. ಆ ನಾಲ್ಕು ತಿಂಗಳು ನ್ಯೂಸ್‌ಪೇಪರ್ ಹಾಸಿ, ದಿನಾ ಬದಲಾಯಿಸಿ. ನೋಡಲು ಚಂದ ಇಲ್ಲ, ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹಾವು ಬಾಯಿ ತೆರೆದು ಉಸಿರಾಡಿದರೆ, ಮೂಗಿನ ಬಳಿ ನೊರೆ ಕಂಡರೆ ಕಾರ್ಯಕ್ರಮ ರದ್ದು ಮಾಡಿ, ಸೀದಾ ಪಶುವೈದ್ಯರಲ್ಲಿಗೆ.

ಆಹಾರ ಕೊಟ್ಟ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಎತ್ತಬಾರದು. ದೊಡ್ಡ ಇಲಿ ನುಂಗಿದ್ದರೆ ಇನ್ನೂ ಒಂದು ದಿನ ಬಿಡಿ. ಅರ್ಧ ಜೀರ್ಣವಾದದ್ದನ್ನು ಕಾರಿಕೊಂಡರೆ ಅದರ ಗಂಟಲು, ಅನ್ನನಾಳ ಸುಟ್ಟಂತಾಗಿ ಮುಂದಿನ ಊಟವನ್ನೂ ಒಲ್ಲೆ ಅನ್ನುತ್ತದೆ. ಹಾಗಾಗಿ ಶನಿವಾರ ಕಾರ್ಯಕ್ರಮ ಅಂತಾದರೆ ಆ ವಾರದ ಊಟ ಸೋಮವಾರವೇ ಆಗಬೇಕು. ಕಣ್ಣು ಹಾಲುಗಟ್ಟಿ ನೀಲಿಯಾಗಿದ್ದರೆ ಪೊರೆ ಬಿಡುವ ಸಮಯ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸಣ್ಣದಕ್ಕೂ ಬೆಚ್ಚುತ್ತದೆ. ಶಾಲೆಯವರು ಎಷ್ಟು ಒತ್ತಾಯ ಮಾಡಿದರೂ ಮನೆಯಲ್ಲೇ ಇರಲಿ.

ಒಯ್ಯುವಾಗ ಹೊಲಿಗೆಯನ್ನು ಹೊರಗೆ ತಿರುಗಿಸಿದ ಹತ್ತಿಬಟ್ಟೆಯ ಚೀಲ, ಬಾಯಿಗೆ ಗಟ್ಟಿ ಗಂಟು, ಆ ಚೀಲ ತೂತುಗಳಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ. ಒಳಗೆ ದಾರ ಬಿಟ್ಟುಕೊಂಡಿದ್ದರೆ ಹಾವಿನ ಹುರುಪೆಗೆ ಸಿಕ್ಕಿಕೊಳ್ಳುತ್ತದೆ. ಕಾರಿನ ಎಸಿ 26ರಲ್ಲಿರಲಿ, ಗಾಳಿ ನೇರವಾಗಿ ಡಬ್ಬಿಗೆ ಬಡಿಯದಿರಲಿ. ಹೆದ್ದಾರಿ ಬದಿಯಲ್ಲಿ ಚಾ ಕುಡಿಯಲು ನಿಲ್ಲಿಸಿದರೆ ಒಬ್ಬರು ಕಾರಲ್ಲೇ ಕೂರಬೇಕು. ಬಿಸಿಲಲ್ಲಿ ಮುಚ್ಚಿಟ್ಟ ಕಾರು ಅರ್ಧ ಗಂಟೆಯೊಳಗೆ ಹಾವನ್ನು ಕೊಲ್ಲುವಷ್ಟು ಕಾಯುತ್ತದೆ.

ತುಳುನಾಡಿನಲ್ಲಿ ಹಾವು ಅಂದರೆ ಬರೀ ಪ್ರಾಣಿಯಲ್ಲ ಎನ್ನುವುದು ನಿಮಗೂ ಗೊತ್ತು. ಮನೆಯ ಹಿಂದೆ ನಾಗಬನ ಇರುವ ಮಗು ಡಬ್ಬಿ ತೆರೆದ ಕೂಡಲೇ ಕೈಮುಗಿಯಬಹುದು, ಮುಟ್ಟಲು ಒಲ್ಲೆ ಅನ್ನಬಹುದು. ಒತ್ತಾಯ ಬೇಡ. ಹೆಡ್ ಮೇಷ್ಟ್ರಿಗೆ ಒಂದು ವಾರ ಮೊದಲೇ ತಿಳಿಸಿ, ಹೆತ್ತವರಿಗೆ ಚೀಟಿ ಕಳಿಸಲು ಹೇಳಿ. ಹಾವು ಹಾಲು ಕುಡಿಯುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾವಿನ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ, ಬಾಯಾರಿ ಕಂಗೆಟ್ಟ ಹಾವು ಮಾತ್ರ ಸಿಕ್ಕಿದ ದ್ರವ ಕುಡಿಯುತ್ತದೆ ಅಂತ ಹೇಳಿದರೆ ಸಾಕು. ಪೂಜೆಯ ಬಗ್ಗೆ ಭಾಷಣ ನಮ್ಮ ಕೆಲಸವಲ್ಲ.

ಮಕ್ಕಳನ್ನು ನೆಲದ ಮೇಲೆ ಅರ್ಧಚಂದ್ರದ ಹಾಗೆ ಕೂರಿಸಿ. ಬೆಂಚು ಎಳೆಯುವ ಸದ್ದು ನೆಲದ ಕಂಪನವಾಗಿ ಹಾವಿಗೆ ಮುಟ್ಟುತ್ತದೆ. ಎತ್ತುವವರು ಕೈಯನ್ನು ಮೇಲಿನಿಂದ ಇಳಿಸದೆ ಪಕ್ಕದಿಂದ ತಂದು, ಎರಡೂ ಕೈಯಲ್ಲಿ ಮೈಯ ನಡುಭಾಗಕ್ಕೆ ಆಸರೆ ಕೊಡಬೇಕು. ತಲೆ ಸದಾ ಎತ್ತಿದವರ ಕಡೆಗೇ ಇರಲಿ. ಮಕ್ಕಳು ಎರಡೇ ಬೆರಳಿನಿಂದ ಹಿಂಭಾಗವನ್ನು ಬಾಲದ ದಿಕ್ಕಿಗೆ ಸವರಲಿ. ಹತ್ತು ಹದಿನೈದು ನಿಮಿಷ ಸಾಕು. ಹಾವು ಉಂಡೆ ಸುತ್ತಿಕೊಂಡು ತಲೆ ಒಳಗಿಟ್ಟರೆ ಹೆದರಿದೆ ಎಂದರ್ಥ. ಸಾಲಿನಲ್ಲಿ ಇನ್ನೂ ಹತ್ತು ಮಕ್ಕಳು ಉಳಿದಿದ್ದರೂ ಡಬ್ಬಿ ಮುಚ್ಚಿ.

ಕಪ್ಪೆ ಮುಟ್ಟಿಸಲಿಕ್ಕಲ್ಲ, ಪಾರದರ್ಶಕ ಡಬ್ಬಿಯಲ್ಲಿ ತೋರಿಸಲಿಕ್ಕೆ ಮಾತ್ರ. ಅದರ ಚರ್ಮ ನೀರನ್ನೂ ನೀರಲ್ಲಿರುವುದನ್ನೂ ಹೀರಿಕೊಳ್ಳುತ್ತದೆ. ಕೈಯಲ್ಲಿ ಉಳಿದ ಸ್ಯಾನಿಟೈಸರ್, ಸೊಳ್ಳೆ ಕ್ರೀಮು, ಬೆವರಿನ ಉಪ್ಪು ಎಲ್ಲವೂ ಒಳಗೆ ಹೋಗುತ್ತದೆ. ನೀವೇ ಎತ್ತಬೇಕಾಗಿ ಬಂದರೆ ಹುಡಿ ಇಲ್ಲದ ನೈಟ್ರೈಲ್ ಗ್ಲೌಸನ್ನು ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆದು ಹಾಕಿಕೊಳ್ಳಿ. ಬಾವಿ ನೀರು ಒಳ್ಳೆಯದೇ, ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಬೇಡ. ಸಭಾಂಗಣದ ಫ್ಯಾನ್ ಕೆಳಗೆ ಡಬ್ಬಿ ಇಟ್ಟರೆ ಕಪ್ಪೆ ಬೇಗ ಒಣಗುತ್ತದೆ, ಗೋಡೆ ಬದಿಗೆ ಸರಿಸಿ.

ಚೇಳಿನ ಡಬ್ಬಿಗೆ ಬೀಗ. ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚ್ ಹಾಯಿಸಿದರೆ ಮೈ ಹಸಿರು-ನೀಲಿಯಾಗಿ ಹೊಳೆಯುತ್ತದೆ, ನಮ್ಮ ಹಿತ್ತಲಿನ ಚೇಳೂ ಹೀಗೇ ಹೊಳೆಯುತ್ತದೆ. ಕೆಲವು ಸೆಕೆಂಡು ಸಾಕು, ಟಾರ್ಚ್ ಮಕ್ಕಳ ಕಣ್ಣಿಗೆ ತಿರುಗಬಾರದು. ಟ್ಯಾರಂಟುಲಾ ಎಂಬ ದೊಡ್ಡ ರೋಮದ ಜೇಡ ತರುವುದಿಲ್ಲ. ಮೊಣಕಾಲೆತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಅದು ಕಳಚಿದ ಪೊರೆ ತೋರಿಸುವುದಾದರೂ ಗಾಜಿನ ಡಬ್ಬಿಯಲ್ಲೇ ಇರಲಿ. ಅಮೆರಿಕ ಖಂಡಗಳ ಜಾತಿಗಳದ್ದಾದರೆ ತುರಿಕೆಯ ರೋಮ ಆ ಪೊರೆಯಲ್ಲೂ ಉಳಿದಿರುತ್ತದೆ, ಕಣ್ಣಿಗೆ ಹೋದರೆ ಆಸ್ಪತ್ರೆಯೇ ಗತಿ.

ನನ್ನ ಕೇಳಿದರೆ, ಹಾವಿಗಿಂತ ಜಿರಳೆಯೇ ಒಳ್ಳೆಯ ಮೇಷ್ಟ್ರು. ಐದರಿಂದ ಏಳು ಸೆಂಟಿಮೀಟರ್ ಉದ್ದ, ರೆಕ್ಕೆ ಇಲ್ಲ, ಕಚ್ಚುವುದಿಲ್ಲ, ಅಂಗೈ ಮೇಲೆ ಸುಮ್ಮನೆ ಕೂರುತ್ತದೆ. ಬುಸುಗುಡುವ ಸದ್ದು ಬಾಯಿಂದ ಬರುವುದಲ್ಲ, ಹೊಟ್ಟೆಯ ಪಕ್ಕದ ಉಸಿರುರಂಧ್ರದಿಂದ ಗಾಳಿ ನುಗ್ಗಿಸಿ ಹೊರಡಿಸುವುದು. ಕೀಟದ ಉಸಿರಾಟ ಕಲಿಸಲು ಇದಕ್ಕಿಂತ ಸುಲಭದ ಪಾಠ ಇಲ್ಲ. ಶಾಲೆಗೆ ಗಂಡುಗಳನ್ನು ಮಾತ್ರ ಒಯ್ಯಿರಿ. ಎದೆಗವಚದ ಮೇಲೆ ಎರಡು ಕೊಂಬಿನಂಥ ಗುಬುಟು ಎದ್ದು ಕಾಣುವುದು ಗಂಡು. ಹೆಣ್ಣು ನೇರವಾಗಿ ಮರಿಗಳನ್ನೇ ಹಾಕುತ್ತದೆ, ಒಂದು ತಪ್ಪಿಸಿಕೊಂಡರೆ ನಮ್ಮ ಬೆಚ್ಚನೆಯ ಒದ್ದೆ ಹವೆಯಲ್ಲಿ ಸಂಸಾರ ಹೂಡಲೂಬಹುದು. ಗಾಜು ಹತ್ತದಂತೆ ಮೇಲಂಚಿನ ಒಳಗೆ ನಾಲ್ಕು ಬೆರಳಗಲ ವ್ಯಾಸಲಿನ್ ಸವರಿ. ಏಪ್ರಿಲ್, ಮೇ ಸೆಕೆಗೆ ಅದು ಮೆತ್ತಗಾಗಿ ಜಾರುತ್ತದೆ, ಮುಚ್ಚಳವೂ ಬೇಕೇಬೇಕು. ಕ್ಯಾರೆಟ್, ಕುಂಬಳಕಾಯಿ ಹಾಕಿದ್ದನ್ನು ಮರುದಿನವೇ ತೆಗೆಯಿರಿ. ಬೂಸಲು ಹಿಡಿದ ಹಾಸು, ಜಿರಳೆ ಹಿಕ್ಕೆ ಎರಡೂ ಉಬ್ಬಸದ ಮಕ್ಕಳಿಗೆ ಆಗುವುದಿಲ್ಲ. ಅಂಥವರು ಇದ್ದಾರೆಯೇ ಅಂತ ಟೀಚರಲ್ಲಿ ಮೊದಲೇ ಕೇಳಿ.

ಸರೀಸೃಪ, ಕಪ್ಪೆಗಳ ಮೈಯಲ್ಲಿ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಪ್ರಾಣಿ ಆರೋಗ್ಯವಾಗಿ ಕಂಡರೂ. ಐದು ವರ್ಷದ ಒಳಗಿನವರಿಗೆ ನೋಡುವುದಷ್ಟೇ. ಉಳಿದವರು ಮುಟ್ಟಿದ ಕೂಡಲೇ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಬೇಕು, ಸ್ಯಾನಿಟೈಸರ್ ಅದರ ಬದಲಿಗೆ ಆಗುವುದಿಲ್ಲ. ಬಿಸಿಯೂಟದ ಗಂಟೆಗೆ ಮೊದಲು ಕಾರ್ಯಕ್ರಮ ಇಟ್ಟುಕೊಂಡರೆ ಕೊನೆಯ ಹತ್ತು ನಿಮಿಷ ನಲ್ಲಿಯ ಬಳಿಯೇ ಕಳೆಯಬೇಕೆಂದು ಲೆಕ್ಕ ಹಾಕಿ.

ಡಬ್ಬಿಗಳನ್ನು ಶಾಲೆಯ ಕುಡಿಯುವ ನೀರಿನ ಕಟ್ಟೆಯಲ್ಲಿ ತೊಳೆಯಬೇಡಿ. ಮನೆಗೆ ಬಂದು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಕಪ್ಪೆಯ ಡಬ್ಬಿಯ ನೀರಿಗೂ ಅದೇ ಬ್ಲೀಚ್ ಬೆರೆಸಿ, ಹತ್ತು ನಿಮಿಷ ಬಿಟ್ಟು ಪಾಯಿಖಾನೆಗೆ ಸುರಿಯಿರಿ. ತೋಡಿಗೆ, ಗದ್ದೆಗೆ ಚೆಲ್ಲಿದರೆ ಕಪ್ಪೆಗಳ ಚರ್ಮಕ್ಕೆ ರೋಗ ತರುವ ಹೊರದೇಶದ ಕೈಟ್ರಿಡ್ ಶಿಲೀಂಧ್ರ ನಮ್ಮ ಘಟ್ಟದ ಕಪ್ಪೆಗಳವರೆಗೂ ಹೋಗುವ ದಾರಿ ಅದೇ.