ಪ್ರೋಗ್ರಾಮ್ ತಡವಾಗಿ ಬಂದರೆ ಕರ್ನಲ್ ಏನು ಹೇಳಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಸರ್ವರ್ ಹತ್ತು ಸಾವಿರ ಸಾಕೆಟ್, ಅಂದರೆ ನೆಟ್‌ವರ್ಕ್ ಸಂಪರ್ಕದ ತುದಿಗಳನ್ನು, ತೆರೆದುಕೊಂಡು ಕೂತಿದೆ ಅಂದುಕೊಳ್ಳಿ. ಯಾವುದಕ್ಕೆ ಡೇಟಾ ಬಂತು ಅಂತ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಪ್ರೋಗ್ರಾಮಿಗೆ ತಿಳಿಸಬೇಕು. ಹೀಗೆ ತಿಳಿಸಬೇಕಾದ ಒಂದೊಂದು ಘಟನೆಯೂ ಒಂದು ಈವೆಂಟ್. ಈ ಮಾತು ಬಂದರೆ ನಾವೆಲ್ಲ ಮೊದಲು ವೇಗದ ಲೆಕ್ಕ ಹಾಕುತ್ತೇವೆ. ವೇಗ ಬೇಕು, ನಿಜ. ಆದರೆ ಕರ್ನಲ್ ಮತ್ತು ಪ್ರೋಗ್ರಾಮ್ ಮಾತಾಡಿಕೊಳ್ಳುವ ಇಂಟರ್‌ಫೇಸ್‌ನ ಗುಣ ಗೊತ್ತಾಗುವುದು ಪ್ರೋಗ್ರಾಮ್ ತಡ ಮಾಡಿದಾಗ. ಅದು ಬಂದು ಕೇಳುವಷ್ಟರಲ್ಲಿ ನೂರು ಈವೆಂಟ್ ಆಗಿಹೋಗಿದ್ದರೆ ಏನು ಮಾಡೋದು? ಇವತ್ತು ನಾನು ಮಾತಾಡುವುದು ಇಷ್ಟರ ಬಗ್ಗೆಯೇ.

1983ರಲ್ಲಿ ಯುನಿಕ್ಸ್‌ನ ಒಂದು ಆವೃತ್ತಿಯಾದ 4.2 ಬಿಎಸ್‌ಡಿ ಜೊತೆ, ಯಾವುದು ಸಿದ್ಧವಿದೆ ಅಂತ ಕರ್ನಲನ್ನು ಕೇಳುವ ಸೆಲೆಕ್ಟ್ ಅನ್ನುವ ಕರೆ ಬಂತು. ಪ್ರತಿ ಸಲವೂ ಡಿಸ್ಕ್ರಿಪ್ಟರ್‌ಗಳ (ತೆರೆದ ಸಾಕೆಟ್ ಅಥವಾ ಫೈಲನ್ನು ಗುರುತಿಸುವ ಸಂಖ್ಯೆಗಳ) ಪೂರ್ತಿ ಪಟ್ಟಿ ಕೊಡಬೇಕು. ಕರ್ನಲ್ ಒಂದೊಂದನ್ನೂ ನೋಡಿ ಉತ್ತರ ಕೊಟ್ಟು, ಪಟ್ಟಿಯನ್ನು ಮರೆತುಬಿಡುತ್ತದೆ. ಆಮೇಲೆ ಬಂದ ಪೋಲ್ ಪಟ್ಟಿಯ ಗಾತ್ರದ ಮಿತಿ ತೆಗೆಯಿತು, ಆದರೆ ಈ ಮರೆವು ಹಾಗೇ ಉಳಿಯಿತು. ಐದೇ ಸಾಕೆಟ್ ಸಿದ್ಧವಿದ್ದರೂ ಹತ್ತು ಸಾವಿರವನ್ನೂ ತಡಕಬೇಕು. ನಿಧಾನ, ಒಪ್ಪುತ್ತೇನೆ. ಆದರೂ ಒಂದು ಗುಣ ನೋಡಿ: ತಡವಾದರೆ ಏನೂ ಕಳೆದುಹೋಗುವುದಿಲ್ಲ. ಈಗ ಹೇಗಿದೆ ಅಂತ ಕೇಳುತ್ತೀರಿ, ಈಗ ಹೇಗಿದೆಯೋ ಅದನ್ನೇ ಅದು ಹೇಳುತ್ತದೆ.

ಲಿನಕ್ಸ್‌ನಲ್ಲಿ ರಿಯಲ್‌ಟೈಮ್ ಸಿಗ್ನಲ್ (ಕರ್ನಲ್ ತಾನಾಗಿ ಪ್ರೋಗ್ರಾಮಿಗೆ ಕಳಿಸುವ ಪುಟ್ಟ ಸೂಚನೆ) ಬಳಸುವ ದಾರಿಯೂ ಇತ್ತು. ಈವೆಂಟ್‌ಗೊಂದು ಸಿಗ್ನಲ್, ಎಲ್ಲವೂ ಕ್ಯೂನಲ್ಲಿ, ಅಂದರೆ ಸರತಿ ಸಾಲಿನಲ್ಲಿ. ಕ್ಯೂ ತುಂಬಿದರೆ? ‘ಏನೋ ತಪ್ಪಿಹೋಯಿತು’ ಅನ್ನುವ ಸಿಗ್ನಲ್ ಮಾತ್ರ ಬರುತ್ತದೆ. ಆಗ ಪ್ರೋಗ್ರಾಮ್ ಮತ್ತೆ ಪೋಲ್‌ಗೇ ಹೋಗಿ ಎಲ್ಲವನ್ನೂ ಹುಡುಕಬೇಕು. ಅದೂ ಯಾವಾಗ? ಲೋಡ್ ತೀರಾ ಜಾಸ್ತಿ ಇದ್ದಾಗ.

ಜೋನಾಥನ್ ಲೆಮನ್ ಬರೆದ ಕೆಕ್ಯೂ ಅನ್ನುವ ಇಂಟರ್‌ಫೇಸ್ 2000ದಲ್ಲಿ, ಬಿಎಸ್‌ಡಿ ವಂಶದ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿ 4.1ಕ್ಕೆ ಬಂತು. ಈ ಪ್ರಶ್ನೆಗೆ ನನಗೆ ತುಂಬಾ ಹಿಡಿಸಿದ ಉತ್ತರ ಅದರದ್ದು. ಒಂದು ಡಿಸ್ಕ್ರಿಪ್ಟರ್, ಒಂದು ಫಿಲ್ಟರ್ (ಯಾವ ಬಗೆಯ ಈವೆಂಟ್ ಬೇಕು ಅನ್ನುವುದು): ಈ ಜೋಡಿಗೆ ಕರ್ನಲ್‌ನಲ್ಲಿ ಒಂದೇ ದಾಖಲೆ. ನೂರು ಪ್ಯಾಕೆಟ್ ಬಂದರೂ ಆ ದಾಖಲೆ ಕ್ಯೂನಲ್ಲಿ ಒಂದೇ ಸಲ ಇರುತ್ತದೆ. ಅಂದರೆ ಕ್ಯೂ ಎಷ್ಟು ಬೆಳೆಯಬಹುದು ಅನ್ನೋದನ್ನು ನೀವು ನೋಂದಾಯಿಸಿದ ಸಂಖ್ಯೆ ತೀರ್ಮಾನಿಸುತ್ತದೆ, ಹೊರಗಿನ ಟ್ರಾಫಿಕ್ ಅಲ್ಲ. ತುಂಬಿ ಚೆಲ್ಲುವ ಮಾತೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ನೀವು ಈವೆಂಟ್ ತೆಗೆದುಕೊಳ್ಳಲು ಬಂದಾಗ ಕರ್ನಲ್ ಫಿಲ್ಟರನ್ನು ಮತ್ತೊಮ್ಮೆ ಓಡಿಸಿ, ಆ ಸ್ಥಿತಿ ಈಗಲೂ ಇದೆಯೇ ಅಂತ ನೋಡುತ್ತದೆ. ಡೇಟಾವನ್ನು ಅಷ್ಟರಲ್ಲಿ ಓದಿಯಾಗಿದ್ದರೆ ಹಳೆಯ ಸುದ್ದಿ ಕೊಡುವುದಿಲ್ಲ. ಟೈಮರ್ ಆದರೆ, ಹಿಂದಿನ ಸಲ ಕೇಳಿದ ಮೇಲೆ ಎಷ್ಟು ಬಾರಿ ಮುಗಿಯಿತು ಅನ್ನುವ ಎಣಿಕೆ ಸಿಗುತ್ತದೆ. ತಡವಾಗಿ ಬಂದ ಪ್ರೋಗ್ರಾಮಿಗೆ ಬೇಕಾಗಿರುವುದು ಇದೇ ಅಲ್ವಾ?

ಲಿನಕ್ಸ್‌ಗೆ 2002ರಲ್ಲಿ ಇಪೋಲ್ ಬಂತು. ಅದೂ ಪಟ್ಟಿಯನ್ನು ನೆನಪಿಟ್ಟುಕೊಳ್ಳುತ್ತದೆ. ಸುಮ್ಮನೆ ಬಳಸಿದರೆ ಡೇಟಾ ಉಳಿದಿರುವವರೆಗೂ ಹೇಳುತ್ತಲೇ ಇರುತ್ತದೆ. ಎಡ್ಜ್ ಟ್ರಿಗರ್ ಆರಿಸಿದರೆ ಹೊಸದು ಬಂದಾಗ ಮಾತ್ರ ಹೇಳುತ್ತದೆ. ಆಗ ‘ಇನ್ನಿಲ್ಲ’ ಅನ್ನುವವರೆಗೂ ಓದಿ ಮುಗಿಸುವ ಹೊಣೆ ನಿಮ್ಮದು. ಅರ್ಧ ಓದಿ ಬಿಟ್ಟರೆ ಆ ಸಾಕೆಟ್ ಹಾಗೇ ನಿಂತುಹೋಗಬಹುದು. ಇಂಥ ದೋಷ ಹುಡುಕುವುದು ಬಹಳ ಕಷ್ಟ. ಹಾಗಾಗಿ ಎಡ್ಜ್ ಬೇಕಾದವರು ಕೇಳಿ ಪಡೆಯಲಿ, ಡೀಫಾಲ್ಟ್ ಆಗುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಪೋಲ್ ಅದನ್ನು ಸರಿಯಾಗಿ ಮಾಡಿದೆ.

ಆದರೆ ಕೆಕ್ಯೂ ನೂರು ಪ್ಯಾಕೆಟ್‌ಗೆ ಒಂದೇ ದಾಖಲೆ ಇಟ್ಟ ಹಾಗೆ ಎಲ್ಲ ಈವೆಂಟನ್ನೂ ಒಂದಾಗಿಸಲು ಆಗುವುದಿಲ್ಲ. ಫೋಲ್ಡರ್‌ನಲ್ಲಿ ಹುಟ್ಟಿದ ಒಂದೊಂದು ಫೈಲಿಗೂ ಬೇರೆ ಹೆಸರು. ಅದಕ್ಕೇ ಫೈಲ್, ಫೋಲ್ಡರ್‌ಗಳಲ್ಲಿ ಆದ ಬದಲಾವಣೆ ತಿಳಿಸುವ ಲಿನಕ್ಸ್‌ನ ಐನೋಟಿಫೈಗೆ ನಿಜವಾದ ಕ್ಯೂ ಬೇಕು, ಕ್ಯೂಗೆ ಮಿತಿಯೂ ಬೇಕು. ಮಿತಿ ಮೀರಿದರೆ ಅದು ‘ಓವರ್‌ಫ್ಲೋ’ ಅಂತ ಒಂದು ಈವೆಂಟ್ ಕೊಡುತ್ತದೆ, ನೀವು ಫೋಲ್ಡರನ್ನು ಮೊದಲಿಂದ ಓದಬೇಕು. ಗೊತ್ತಿಲ್ಲದೆ ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

2019ರಲ್ಲಿ ಲಿನಕ್ಸ್ 5.1ರ ಜೊತೆ ಬಂದ ಐಒ ಯೂರಿಂಗ್‌ನಲ್ಲಿ ಪೇಚು ಇನ್ನೂ ದೊಡ್ಡದು. ಅಲ್ಲಿ ಓದುವ, ಬರೆಯುವ ಕೆಲಸವನ್ನೇ ಕರ್ನಲ್‌ಗೆ ಒಪ್ಪಿಸುತ್ತೀರಿ. ಅಲ್ಲಿ ಬರುವ ಸುದ್ದಿ ‘ಸಿದ್ಧವಿದೆ’ ಅಂತಲ್ಲ, ‘ಕೆಲಸ ಮುಗಿಯಿತು, ಫಲಿತಾಂಶ ಇದು’ ಅಂತ. ಸಿದ್ಧವಿದೆಯೇ ಅಂತ ಎಷ್ಟು ಸಲವಾದರೂ ಕೇಳಬಹುದು. ಮುಗಿದ ಬರವಣಿಗೆಯ (ರೈಟ್) ಫಲಿತಾಂಶ ಕಳೆದುಹೋದರೆ ಮತ್ತೆ ಯಾರನ್ನು ಕೇಳುವುದು? ಮೊದಲ ಆವೃತ್ತಿಯಲ್ಲಿ ಕಂಪ್ಲೀಷನ್ ರಿಂಗ್, ಅಂದರೆ ಫಲಿತಾಂಶಗಳನ್ನು ಇಡುವ ಸೀಮಿತ ಜಾಗ, ತುಂಬಿದರೆ ಫಲಿತಾಂಶ ಬಿದ್ದುಹೋಗುತ್ತಿತ್ತು, ಎಷ್ಟು ಬಿದ್ದವು ಅನ್ನುವ ಎಣಿಕೆಯಷ್ಟೇ ಉಳಿಯುತ್ತಿತ್ತು. 5.5ರಿಂದ ಕರ್ನಲ್ ಅವನ್ನು ತನ್ನ ಬಳಿ ಇಟ್ಟುಕೊಂಡು, ರಿಂಗ್‌ನಲ್ಲಿ ಜಾಗವಾದಾಗ ಕೊಡುತ್ತದೆ.