ಬೆನ್ನ ಹಿಂದೆ ಓಡಿ ಗೆದ್ದವರು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಲು ಹೊರಟಿರುವುದು ಸ್ಪೇನ್ ದೇಶದ ಓಟಗಾರ ಅಬೆಲ್ ಅಂತೋನ್ ಅವರ ಬಗ್ಗೆ. ಈ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮ್ಯಾರಥಾನ್ ಅಂದ ಕೂಡಲೇ ನಮಗೆ ನೆನಪಾಗುವುದು ಕೀನ್ಯಾ, ಇಥಿಯೋಪಿಯಾ, ಅಲ್ವಾ? ಆದರೆ 1995, 1997, 1999 ಈ ಮೂರೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಪುರುಷರ ಮ್ಯಾರಥಾನ್ ಚಿನ್ನ ಹೋಗಿದ್ದು ಸ್ಪೇನ್‌ಗೆ. ಮೊದಲನೆಯದು ಮಾರ್ತಿನ್ ಫಿಸ್ ಅವರಿಗೆ. ಉಳಿದ ಎರಡೂ ಅಂತೋನ್ ಅವರಿಗೆ.

ಅಂತೋನ್ ಹುಟ್ಟಿದ್ದು 1962ರಲ್ಲಿ, ಸೋರಿಯಾ ಪ್ರಾಂತ್ಯದ ಒಂದು ಪುಟ್ಟ ಹಳ್ಳಿಯಲ್ಲಿ. ಸೋರಿಯಾ ಅಂದರೆ ಬಯಲು, ಕಾಡು, ಚಳಿ. ಇಡೀ ಪ್ರಾಂತ್ಯದಲ್ಲಿ ಒಂದು ಲಕ್ಷ ಜನ ಇಲ್ಲ. ಸೋರಿಯಾ ಪಟ್ಟಣ ಇರುವುದು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಮೇಲೆ. ಓಡುವವರಿಗೆ ಹೇಳಿ ಮಾಡಿಸಿದ ಜಾಗ. ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಚಿನ್ನ ಗೆದ್ದ ಫರ್ಮಿನ್ ಕಾಚೊ ಕೂಡ ಇದೇ ಪ್ರಾಂತ್ಯದವರು. ಇಬ್ಬರಿಗೂ ಕೋಚ್ ಒಬ್ಬರೇ, ಎನ್ರಿಕೆ ಪಾಸ್ಕುಆಲ್.

ಅಂತೋನ್ ಮೊದಲಿಂದ ಮ್ಯಾರಥಾನ್ ಓಟಗಾರರಲ್ಲ. ಅವರದು ಟ್ರ್ಯಾಕ್. 1994ರಲ್ಲಿ ಹೆಲ್ಸಿಂಕಿಯ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 10,000 ಮೀಟರ್‌ನ ಚಿನ್ನ, 5,000 ಮೀಟರ್‌ನ ಕಂಚು ಗೆದ್ದರು. ಅದೇ ಕೂಟದ ಮ್ಯಾರಥಾನ್‌ನಲ್ಲಿ ಫಿಸ್ ಗೆದ್ದರು, ಅವರ ಹಿಂದೆ ಬಂದ ಇಬ್ಬರೂ ಸ್ಪೇನಿನವರೇ. ಅಂತೋನ್ ಮೊದಲ ಮ್ಯಾರಥಾನ್ ಓಡಿದ್ದು ಅದಾಗಿ ಎರಡು ವರ್ಷಕ್ಕೆ, 1996ರಲ್ಲಿ ಬರ್ಲಿನ್‌ನಲ್ಲಿ. ಆಗ ಅವರಿಗೆ 34 ತುಂಬುತ್ತಾ ಬಂದಿತ್ತು. ಮೊದಲ ಓಟದಲ್ಲೇ ಗೆದ್ದುಬಿಟ್ಟರು, 2 ಗಂಟೆ 9 ನಿಮಿಷ 15 ಸೆಕೆಂಡ್‌ನಲ್ಲಿ.

ಟ್ರ್ಯಾಕ್‌ನಿಂದ ಬಂದವರು ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. 5,000 ಮೀಟರ್ ಓಡುವವರಿಗೆ ಕೊನೆಯ ಸುತ್ತಿನಲ್ಲಿ ಒಮ್ಮೆಲೇ ವೇಗ ಏರಿಸುವುದು ರೂಢಿ. 40 ಕಿಲೋಮೀಟರ್ ಓಡಿದ ಮೇಲೂ ಆ ವೇಗ ಕಾಲಲ್ಲಿ ಉಳಿದಿದ್ದರೆ? ಎದುರಾಳಿ ಏನು ಮಾಡಬೇಕು ಹೇಳಿ. ಮೊದಲೇ ಜೋರಾಗಿ ಓಡಿ ಇವರನ್ನು ಹಿಂದೆ ಬಿಡಬೇಕು. ಬೇರೆ ದಾರಿಯೇ ಇಲ್ಲ.

1997ರ ಆಗಸ್ಟ್‌ನಲ್ಲಿ ಅಥೆನ್ಸ್‌ನಲ್ಲಿ ಫಿಸ್ ಇದನ್ನೇ ಮಾಡಲು ನೋಡಿದರು. ಓಟ ಶುರುವಾಗುವುದು ಮ್ಯಾರಥಾನ್ ಅನ್ನುವ ಊರಿನಿಂದಲೇ. ಸುಮಾರು 10ನೇ ಕಿಲೋಮೀಟರ್‌ನಿಂದ 30 ದಾಟುವವರೆಗೂ ದಾರಿ ಏರುತ್ತಲೇ ಹೋಗುತ್ತದೆ. ಆಮೇಲೆ ಇಳಿಜಾರು. ಮುಗಿಯುವುದು 1896ರ ಒಲಿಂಪಿಕ್ಸ್ ನಡೆದ ಅಮೃತಶಿಲೆಯ ಕ್ರೀಡಾಂಗಣದಲ್ಲಿ. ಮೇಲೆ ಬೇಸಿಗೆಯ ಬಿಸಿಲು. ಕೊನೆಗೆ ಮುಂದೆ ಉಳಿದವರು ಇಬ್ಬರೇ, ಇಬ್ಬರೂ ಸ್ಪೇನ್ ಜೆರ್ಸಿಯವರು. ಫಿಸ್ ಮುಂದೆ ವೇಗ ಹಿಡಿದು ಓಡುತ್ತಿದ್ದಾರೆ, ಅಂತೋನ್ ಫಿಸ್ ಬೆನ್ನಿಗೆ ಅಂಟಿಕೊಂಡಿದ್ದಾರೆ. ಕೊನೆಯಲ್ಲಿ ಅಂತೋನ್ ಪಕ್ಕಕ್ಕೆ ಸರಿದು ಮುಂದೆ ಹಾರಿದರು. 2 ಗಂಟೆ 13 ನಿಮಿಷ 16 ಸೆಕೆಂಡ್. ಫಿಸ್ ಬಂದಿದ್ದು 5 ಸೆಕೆಂಡ್ ತಡವಾಗಿ. ಅವರಿಬ್ಬರ ಸರಾಸರಿ ವೇಗದಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 26 ಮೀಟರ್. 42 ಕಿಲೋಮೀಟರ್ ಆದ ಮೇಲೆ!

ಫಿಸ್ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಕಷ್ಟ ಪಟ್ಟಿದ್ದು ಒಬ್ಬರು, ಗೆದ್ದಿದ್ದು ಇನ್ನೊಬ್ಬರು ಅನ್ನುವ ಮಾತು ಇವತ್ತಿಗೂ ಇದೆ. ನನಗಂತೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಿಂದೆ ಓಡುವವರಿಗೆ ಎದುರು ಗಾಳಿ ಕಡಿಮೆ, ವೇಗದ ಲೆಕ್ಕ ಇಡುವ ತಲೆನೋವೂ ಇಲ್ಲ, ನಿಜ. ಆದರೆ ಆ ಏರಿನಲ್ಲಿ ವಿಶ್ವ ಚಾಂಪಿಯನ್ ಫಿಸ್ ಅವರ ಬೆನ್ನು ಬಿಡದೆ ಓಡುವುದು ಸುಮ್ನೆ ಆಗುವ ಕೆಲಸವೇ? ಆ ಬೆಳಿಗ್ಗೆ ಉಳಿದ ಯಾರ ಕೈಲೂ ಅದು ಆಗಲಿಲ್ಲ.

ಮುಂದಿನ ವರ್ಷ ಲಂಡನ್‌ನಲ್ಲೂ ಹೀಗೆಯೇ. ಮೊರಾಕ್ಕೊದ ಅಬ್ದೆಲ್‌ಕಾದರ್ ಎಲ್ ಮುವಾಝಿಝ್ ಮುಂದೆ ಹೋಗಿಬಿಟ್ಟಿದ್ದರು. ಅಂತೋನ್ ಹಿಂದಿನಿಂದ ಬಂದು ಅವರನ್ನು ಹಿಡಿದು ದಾಟಿ ಗೆದ್ದರು. 2 ಗಂಟೆ 7 ನಿಮಿಷ 57 ಸೆಕೆಂಡ್, ಅವರ ಜೀವನದ ಅತ್ಯುತ್ತಮ ಸಮಯ.

ಇನ್ನು 1999, ಸೆವಿಲ್ಲಾ. ಈ ಸಲ ಸ್ವಂತ ದೇಶ, ಸ್ವಂತ ಜನ. ಆಗಸ್ಟ್‌ನ ಸೆವಿಲ್ಲಾ ಎಂದರೆ ಬೆಂಕಿ, ಹಾಗಾಗಿ ಓಟ ಇಟ್ಟಿದ್ದು ಸಂಜೆಗೆ. ಅಂತೋನ್‌ಗೆ 37 ತುಂಬಲು ಎರಡೇ ತಿಂಗಳು ಬಾಕಿ. ಜಪಾನಿನ ನೊಬುಯುಕಿ ಸಾತೊ ಮುಂದೆ ಹೋದರು. ಅಂತೋನ್ ಗಾಬರಿ ಬೀಳಲಿಲ್ಲ. ಕೊನೆಯ ಕಿಲೋಮೀಟರ್‌ಗಳಲ್ಲಿ ಸಾತೊ ಅವರನ್ನು ಹಿಡಿದರು, ದಾಟಿದರು, ತುಂಬಿದ ಕ್ರೀಡಾಂಗಣಕ್ಕೆ ಒಬ್ಬರೇ ಓಡಿ ಬಂದರು. ಸೋತ ಸಾತೊಗೆ ಬೆಳ್ಳಿಯೂ ಉಳಿಯಲಿಲ್ಲ, ಇಟಲಿಯ ವಿಂಚೆಂಜೊ ಮೊದಿಕಾ ಅದನ್ನೂ ಕಿತ್ತುಕೊಂಡರು. ವಿಶ್ವ ಮ್ಯಾರಥಾನ್ ಚಿನ್ನವನ್ನು ಸತತ ಎರಡು ಸಲ ಗೆದ್ದ ಮೊದಲ ಪುರುಷ ಅಂತೋನ್.

ಮುಂದೆ ಅವರು ಸೋರಿಯಾದಿಂದ ಸ್ಪೇನ್‌ನ ಸೆನೆಟ್‌ಗೂ ಆರಿಸಿ ಬಂದರು. ಆ ಕಥೆ ಬೇಡ, ನಾವು ಓಟದ ಮಂದಿ. ಅದಕ್ಕೂ ಮೊದಲು ಸಿಡ್ನಿ ಒಲಿಂಪಿಕ್ಸ್ ಇತ್ತು, 2000ದಲ್ಲಿ. ಅಂತೋನ್ ಮತ್ತು ಫಿಸ್ ಇಬ್ಬರೂ ಅಲ್ಲಿ ಓಡಿದರು. ಒಲಿಂಪಿಕ್ ಮ್ಯಾರಥಾನ್ ಪದಕ ಇಬ್ಬರಿಗೂ ಸಿಗಲೇ ಇಲ್ಲ. ಆ ದಿನ ಫಿಸ್ 6ನೆಯವರಾಗಿ ಬಂದರು. ಅಂತೋನ್ 53ನೆಯವರಾಗಿ.