ಶಾಯಿ ಹಚ್ಚಿದ ಬೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕನ್ನಡ ಶಾಲೆ ಮಾಸ್ತರ. ಚುನಾವಣೆ ಬಂತೆಂದರೆ ನಮ್ಮ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಒಮ್ಮೆ ಗದಗ ತಾಲ್ಲೂಕಿನ ಹಳ್ಳಿಯೊಂದರ ಬೂತಿನಲ್ಲಿ ಶಾಯಿ ಹಚ್ಚುವ ಕೆಲಸ ಬಂತು. ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ ಅದು. 1962ರಿಂದ ದೇಶದ ಚುನಾವಣೆಗಳಿಗೆ ಅಲ್ಲಿಂದಲೇ ಹೋಗುತ್ತದೆ.

ಮಧ್ಯಾಹ್ನ ಒಬ್ಬ ಅಜ್ಜಿ ಬಂದಳು. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳೆಲ್ಲ ಸೀಳಿತ್ತು. ಹಚ್ಚಿದ ಶಾಯಿ ಸೀಳಿನೊಳಗೆ ಇಳಿಯಿತು.

"ಉರಿತೈತೇನಬೇ?" ಅಂದೆ.

"ಉರಿ ನಮಗ ಹೊಸಾದೇನಲ್ರಿ ಮಾಸ್ತರ. ಇವತ್ತ ನೀವು ನನ್ನ ಬೆರಳು ಹಿಡದ್ರಿ. ನಾಳೆ ನಳದಾಗ ನೀರು ಬರಲಿಲ್ಲಂದ್ರ ನಾ ಯಾರ ಬೆರಳು ಹಿಡೀಲಿ?"

ಹಿಂದೆ ಪಾಳಿ ಉದ್ದ ಇತ್ತು. ಮುಂದ ನಡೀಬೇ ಅಂದುಬಿಟ್ಟೆ. ಮಷೀನು ಕೂಗಿತು. ಮತ ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಚೀಟಿ ಕಾಣುವುದು ಏಳೇ ಸೆಕೆಂಡು. ಆಮೇಲೆ ಐದು ವರ್ಷ. ಅಜ್ಜಿ ಕೇಳಿದ್ದು ಆ ಐದು ವರ್ಷದ ಮಾತು, ಅಲ್ವಾ?

ಅದಕ್ಕೆ ಉತ್ತರ ನಮ್ಮ ಪಂಚಾಯತಿ ಕಾಯ್ದೆಯಲ್ಲೇ ಇದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಆಶ್ರಯ ಮನೆ ಯಾರಿಗೆ ಸಿಗಬೇಕು ಎನ್ನುವುದೂ ಅಲ್ಲೇ ತೀರ್ಮಾನ ಆಗಬೇಕು. ಆದರೆ ಎಷ್ಟೋ ಊರಲ್ಲಿ ಹತ್ತು ಜನ, ಒಂದು ಕಪ್ ಚಹಾ, ಒಂದಿಷ್ಟು ಸಹಿ. ಸಭೆ ಮುಗೀತು. ಖಾಲಿ ಸಭೆ ಯಾರಿಗೆ ಅನುಕೂಲ ಅಂತ ನಾನು ಬಿಡಿಸಿ ಹೇಳಬೇಕೇ?

ಒಬ್ಬರೇ ಹೋಗಿ ಕೇಳಿದರೆ 'ನೋಡೋಣ' ಅಂತಾರೆ. ಊರೇ ಎದ್ದು ಹೋದರೆ ಆ ಮಾತು ನಡೆಯುವುದಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಆದದ್ದು ಅದೇ. ಜನ ದನ ಮೇಯಿಸುತ್ತಿದ್ದ, ಉರುವಲು ತರುತ್ತಿದ್ದ ಜಾಗವನ್ನು ಸರ್ಕಾರ ನೀಲಗಿರಿ ಬೆಳೆಸಲು ಒಂದು ಕಂಪನಿಗೆ ಕೊಟ್ಟಿತ್ತು. ಜನ ಸೇರಿ ನೀಲಗಿರಿ ಕಿತ್ತರು, ಅಲ್ಲೇ ತಮಗೆ ಬೇಕಾದ ಗಿಡ ಹಚ್ಚಿದರು. ಅದಕ್ಕೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಅಂತ ಹೆಸರು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಆ ಕಂಪನಿಯೇ ಮುಚ್ಚಿತು.

ಮುಂದೆ ಆ ಅಜ್ಜಿಯ ಊರಿನ ಶಾಲೆಗೇ ನನಗೆ ವರ್ಗವಾಯಿತು. ಒಂದು ದಿನ ಶಾಲೆ ಅಂಗಳದಲ್ಲಿ ಗ್ರಾಮಸಭೆ. ಅಜ್ಜಿ ಬಂದಳು, ಜೊತೆಗೆ ಓಣಿಯ ಹದಿನೈದು ಹೆಣ್ಣುಮಕ್ಕಳು. ಖಾಲಿ ಕೊಡಗಳನ್ನು ಮೇಜಿನ ಮುಂದೆಯೇ ಸಾಲಾಗಿ ಇಟ್ಟರು. ಕೂಗಾಟ ಇಲ್ಲ, ಏನಿಲ್ಲ. ನೀರಿನ ಮಾತು ಬಂತು. ಬರ್ಕೊಂಡೀವಿ, ಮುಂದಿನ ವಿಷಯ ಅಂದರು ಪಂಚಾಯತಿಯವರು.

"ಏನ್ ಬರದೀರಿ? ಓದ್ರಿ" ಅಂದಳು ಅಜ್ಜಿ.

"ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತ ಓದಿದರು.

"ಚರ್ಚೆ ಆತು, ಕೊಡ ತುಂಬಿತೇನ್ರಿ? ಅದನ್ನ ಹೊಡೀರಿ. ನೀರು ಯಾವತ್ತ ಬಿಡ್ತೀರಿ, ಆ ತಾರೀಖು ಬರೀರಿ."

ಹದಿನೈದು ಜನ ಕೂತಲ್ಲಿಂದ ಅಲ್ಲಾಡಲಿಲ್ಲ. ಬರೆಯುವವರು ಒಮ್ಮೆ ಅಧ್ಯಕ್ಷರ ಮುಖ ನೋಡಿದರು, ಒಮ್ಮೆ ಕೊಡಗಳ ಕಡೆ ನೋಡಿದರು. ಆಮೇಲೆ ಆ ಸಾಲನ್ನು ಹೊಡೆದು ಹಾಕಿದರು.

ನಮಸ್ಕಾರ.